ಹೋಂಸ್ಟೇ ವೆಬ್‌ಸೈಟ್, ಒಂದು ಫಾರ್ವರ್ಡ್ ಮತ್ತು ನಮ್ಮ ಮನೆಯವರು

ಭಾನುವಾರ ಬೆಳಗ್ಗೆ ಮೂಡಿಗೆರೆಯ ಚಿಕ್ಕಪ್ಪ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶವನ್ನು ಫಾರ್ವರ್ಡ್ ಮಾಡಿದರು. ಮ್ಯಾನೇಜ್ಡ್ ಹೋಸ್ಟಿಂಗ್ (ನಮ್ಮ ವೆಬ್‌ಸೈಟನ್ನು ಕಂಪನಿಯವರು ತಮ್ಮ ಸರ್ವರ್ ಕಂಪ್ಯೂಟರಿನಲ್ಲಿಟ್ಟು ತಾವೇ ನೋಡಿಕೊಳ್ಳುವ ಸೇವೆ) ತೆಗೆದುಕೊಂಡವರ ವೆಬ್‌ಸೈಟ್ ಕಂಪನಿಯ ಸ್ವತ್ತಾಗುತ್ತದೆ, ಹಣ ಕಟ್ಟುವುದು ಒಂದು ದಿನ ತಡವಾದರೂ ಎಲ್ಲವನ್ನೂ ಅಳಿಸಿಬಿಡುತ್ತಾರೆ ಎಂಬುದು ಅದರ ಸಾರ. ನಮ್ಮ ಹೋಂಸ್ಟೇಯ ವೆಬ್‌ಸೈಟನ್ನು ಅಂಥದೇ ಸೇವೆಗೆ ಸಾಗಿಸುವ ವಿಚಾರವನ್ನು ನಾನು ಹಿಂದಿನ ವಾರವಷ್ಟೇ ಪ್ರಸ್ತಾಪಿಸಿದ್ದರಿಂದ, ಮಾತು ಯಾರಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗೆ ಚಿಕ್ಕಪ್ಪನದೇ ಒಂದು ಸಾಲಿತ್ತು: “ನಾನು ಮೊದಲೇ ಹೇಳಿದ್ದೆ.” ಅವರು ಹೇಳಿರಲಿಲ್ಲ.

“ಯಾವ ಕಂಪನಿಯ ಕರಾರಿನಲ್ಲಿ ಹೀಗಿದೆ, ದಯವಿಟ್ಟು ತೋರಿಸಿ ಮಾವ” ಎಂದು ಅತ್ತೆಯ ಮಗಳು ಕೇಳಿದಳು. ಚಿಕ್ಕಪ್ಪ ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಅಷ್ಟರಲ್ಲಿ ದೊಡ್ಡಪ್ಪನ ಉಪದೇಶ ಬಂತು: “ಸ್ವಂತ ಬಾವಿ ಇರುವವನು ನಲ್ಲಿ ನೀರಿಗೆ ಕೊಡ ಹಿಡಿದು ನಿಲ್ಲಬಾರದು.”

ಹಿಂದಿನದೂ ಸ್ವಂತ ಬಾವಿಯಲ್ಲ, ದೊಡ್ಡಪ್ಪ, ಎಂದು ನಾನು ಬರೆದೆ. ಅದು ಶೇರ್ಡ್ ಹೋಸ್ಟಿಂಗ್. ಹಲವರ ಸೈಟ್‌ಗಳು ಒಂದೇ ಸರ್ವರಿನಲ್ಲಿ ಇರುತ್ತವೆ. ಊರವರೆಲ್ಲ ಸೇದುವ ಬಾವಿ, ಕೊಡ ತೊಳೆದುಕೊಳ್ಳುವ ಕೆಲಸ ಮಾತ್ರ ನಮ್ಮದು. ನಾವು ತೊಳೆಯಲಿಲ್ಲ. ಸೈಟ್‌ಗಳು ಓಡುವ ಪಿಎಚ್‌ಪಿ ಎಂಬ ಭಾಷೆಯ 7.4ನೇ ಆವೃತ್ತಿಗೆ ಭದ್ರತಾ ಬೆಂಬಲ 2022ರ ನವೆಂಬರ್‌ನಲ್ಲೇ ನಿಂತಿದ್ದರೂ, ನಮ್ಮ ಸೈಟ್ ಕಟ್ಟಿದ ವರ್ಡ್‌ಪ್ರೆಸ್ ತಂತ್ರಾಂಶ ಅದರ ಮೇಲೆಯೇ ಓಡುತ್ತಿತ್ತು, ಅದಕ್ಕೆ ಜೋಡಿಸಿದ ಪ್ಲಗಿನ್ ಎಂಬ ಕಿರು ತಂತ್ರಾಂಶಗಳನ್ನು ಅಪ್‌ಡೇಟ್ ಮಾಡಿದವರಿರಲಿಲ್ಲ. ಕಳೆದ ದಸರಾ ರಜೆಯಲ್ಲಿ, ಕೋಣೆಗಳಿಗೆ ಬೇಡಿಕೆ ಹೆಚ್ಚಿರುವ ಹೊತ್ತಿಗೇ, ನಮ್ಮ ಜಗಲಿಯ ಚಿತ್ರವನ್ನು ಒತ್ತಿದವರಿಗೆಲ್ಲ ಜೂಜಿನ ಜಾಹೀರಾತು ತೆರೆದುಕೊಂಡದ್ದು ಆ ಸಂದಿನಿಂದ ಯಾರೋ ಒಳನುಗ್ಗಿದ ಕಾರಣಕ್ಕೆ. ಈ ಅಪ್‌ಡೇಟ್, ನಿತ್ಯದ ಬ್ಯಾಕಪ್, ಕಾವಲು ಇವಿಷ್ಟನ್ನು ಕಂಪನಿಯವರೇ ನೋಡಿಕೊಳ್ಳುವುದಕ್ಕೆ ಮ್ಯಾನೇಜ್ಡ್ ಎನ್ನುತ್ತಾರೆ. ನಾನು ಆರಿಸಿದ ಕಂಪನಿಯ ಕರಾರನ್ನು ಪೂರ್ತಿ ಓದಿದ್ದೇನೆ: ಬರಹ, ಚಿತ್ರಗಳೆಲ್ಲ ನಮ್ಮವೇ, ಹಣ ಕಟ್ಟದಿದ್ದರೆ ಮೊದಲು ಸೈಟ್ ನಿಲ್ಲುತ್ತದೆ, ಅಳಿಸುವುದು ಅವಧಿ ಕೊಟ್ಟ ಮೇಲೆ. ಗಮನಿಸಬೇಕಾದದ್ದು ಬೇರೆಯೇ ಇದೆ. ಮೊದಲ ವರ್ಷದ ಅಗ್ಗದ ದರ ನವೀಕರಣದ ಹೊತ್ತಿಗೆ ಏರುತ್ತದೆ, ಇಮೇಲ್‌ಗೆ ಪ್ರತ್ಯೇಕ ಹಣ ಕೊಡಬೇಕು.

ದರದ ಬಗ್ಗೆ ಯಾರೂ ಕೇಳಲಿಲ್ಲ. ಹಳೆಯ ಸೈಟ್ ಕಟ್ಟಿಕೊಟ್ಟ ಹಾಸನದ ಭಾವ “ಪುಕ್ಕಟೆ ಮಾಡಿಕೊಟ್ಟವನಿಗೆ ಇದೇ ಮರ್ಯಾದೆ” ಎಂದರು. ಅದಕ್ಕೆ ಅತ್ತೆ, ಕಾಫಿ ಕಣದ ಸಿಮೆಂಟಿನ ಖರ್ಚನ್ನೂ ಅವರು ಹೀಗೆಯೇ ಪುಕ್ಕಟೆಯೆಂದು ಹೇಳಿ ಆಮೇಲೆ ವಸೂಲು ಮಾಡಿದ್ದನ್ನು ನೆನಪಿಸಿದರು.

ಜಗಳ ಕಾವೇರುತ್ತಿದ್ದಾಗ ಸಕಲೇಶಪುರದಲ್ಲಿರುವ ನನ್ನ ತಮ್ಮ, ಅಜ್ಜನ ಕಾಲಕ್ಕೆ ಹೊರಟ. ಮಳೆಗಾಲದಲ್ಲಿ ಫೋನಿನ ತಂತಿ ಹರಿದರೆ ವಾರಗಟ್ಟಲೆ ಸುದ್ದಿಯಿಲ್ಲ. ಕೂಲಿಯ ಲೆಕ್ಕವನ್ನು ಅಜ್ಜ ಎರಡು ಪುಸ್ತಕಗಳಲ್ಲಿ ಬರೆದು, ಒಂದನ್ನು ತೋಟದ ರೈಟರ ಬಳಿ, ಇನ್ನೊಂದನ್ನು ತಮ್ಮ ಮಂಚದ ಕೆಳಗಿನ ಟ್ರಂಕಿನಲ್ಲಿ ಇಡುತ್ತಿದ್ದರು. ಎಲ್ಲರೂ ಹೃದಯದ ಚಿಹ್ನೆ ಒತ್ತಿದರು. ಇಡೀ ಚರ್ಚೆಯಲ್ಲಿ ವಿಷಯಕ್ಕೆ ಅತ್ಯಂತ ಹತ್ತಿರ ಬಂದವನು ತನಗರಿವಿಲ್ಲದೆಯೇ ಅವನು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್, ಅಂದರೆ ಸರ್ವರ್‌ಗಳನ್ನಿಟ್ಟ ಕಟ್ಟಡ, ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಕಟ್ಟಡದಲ್ಲಿಟ್ಟಿದ್ದವರಿಗೆ ಏನೂ ಉಳಿಯಲಿಲ್ಲ. ಆದ್ದರಿಂದ ತಿಂಗಳಿಗೊಂದು ಪ್ರತಿಯನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ ಎಂದು ಬರೆದೆ. ದೊಡ್ಡಪ್ಪ ಹೆಬ್ಬೆರಳು ತೋರಿಸಿದ್ದು ನನಗೋ ಅಜ್ಜನಿಗೋ ತಿಳಿಯಲಿಲ್ಲ.

ಅತ್ತೆಯ ಮಗಳು ಕೊನೆಯದಾಗಿ ಕೇಳಿದಳು: “ಹೋಸ್ಟಿಂಗ್ ಯಾರದಾದರೂ ಆಗಲಿ, ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಯಾರ ಖಾತೆಯಲ್ಲಿದೆ? ಅದು ಕೈತಪ್ಪಿದರೆ ಯಾವ ಹೋಸ್ಟಿಂಗಿನಿಂದಲೂ ಉಪಯೋಗವಿಲ್ಲ.”

ಗುಂಪು ಮೌನವಾಯಿತು. ಸಂಜೆ ಭಾವ ಅಮ್ಮನ ಫೋನಿಗೆ ಕರೆ ಮಾಡಿದರು. ಡೊಮೇನಿಗೆ ಹತ್ತು ವರ್ಷದ ಹಣವನ್ನು ಒಮ್ಮೆಲೇ ಕಟ್ಟಿದ್ದರಂತೆ, ಅವಧಿ ಬರುವ ನವೆಂಬರಿಗೆ ಮುಗಿಯುತ್ತದಂತೆ, ಖಾತೆಗೆ ಕೊಟ್ಟದ್ದು ತಾವು ಬಿಟ್ಟುಬಂದ ಕಚೇರಿಯ ಇಮೇಲ್ ಅಂತೆ. “ಗುಂಪಿನಲ್ಲಿ ಮಾತ್ರ ಹೇಳಬೇಡಿ ಅತ್ತೆ” ಎಂದರಂತೆ.