ಅಪ್‌ಡೇಟ್: ಬೇರೆಯಾಗಿರುವ ಪತಿಯ ಬೈಪೋಲಾರ್ ಕಾಯಿಲೆ
ಬೈಪೋಲಾರ್ ಕಾಯಿಲೆಯುಳ್ಳ (ಮನಃಸ್ಥಿತಿ ಉನ್ಮಾದ ಮತ್ತು ಖಿನ್ನತೆಯ ನಡುವೆ ಏರಿಳಿಯುವ ಕಾಯಿಲೆ), ಬೇರೆ ಮನೆಯಲ್ಲಿರುವ ನನ್ನ ಪತಿಗೆ ದಾಂಪತ್ಯಕ್ಕೆ ಮರಳದೆಯೂ ಹೇಗೆ ನೆರವಾಗಬಹುದೆಂದು ಕೇಳಿದ್ದೆ; ಉತ್ತರಿಸಿದವರಿಗೆಲ್ಲ ಕೃತಜ್ಞಳಾಗಿದ್ದೇನೆ. ಮನಃಸ್ಥಿತಿ ಸ್ಥಿರವಾಗಿದ್ದಾಗಲೇ ಮಾತನಾಡಿದ್ದರಿಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡುವ ಹಕ್ಕಿನಂತೆ ಅವರು ತಮ್ಮ ಅಕ್ಕನನ್ನು ನಾಮನಿರ್ದೇಶಿತ ಪ್ರತಿನಿಧಿಯೆಂದು (ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗುವ ವ್ಯಕ್ತಿ) ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದಾರೆ. ಆ ಹೊಣೆ ನನ್ನದಾಗದಿರುವುದೇ ಇಬ್ಬರಿಗೂ ಒಳಿತೆಂದು ನಾನು ದೃಢವಾಗಿ ನಂಬಿದ್ದೇನೆ. ರಾತ್ರಿ ಎರಡು-ಮೂರು ಗಂಟೆಯಷ್ಟೇ ನಿದ್ರಿಸಿಯೂ ದಣಿವಿಲ್ಲದೆ ಹೊಸ ಹೊಸ ವ್ಯವಹಾರಗಳ ಮಾತು ಆರಂಭಿಸಿದರೆ, ಅದನ್ನು ಉನ್ಮಾದದ ಮುನ್ಸೂಚನೆಯೆಂದು ಪರಿಗಣಿಸಿ ನಾನು ಅವರ ಅಕ್ಕನಿಗೆ ತಿಳಿಸಬೇಕೆಂದು ಅವರೇ ಒಪ್ಪಿದ್ದಾರೆ. ಅವರು ಸೇವಿಸುವ ಲಿಥಿಯಂ ಔಷಧದ ಪ್ರಮಾಣ ರಕ್ತದಲ್ಲಿ ಹೆಚ್ಚಾದರೆ ಅಪಾಯವಿರುವುದರಿಂದ ರಕ್ತಪರೀಕ್ಷೆಯ ದಿನವನ್ನೂ ನೆನಪಿಸುತ್ತೇನೆ. ಅಪರಾತ್ರಿಯ ಕರೆಗಳಿಗೆ ಈಗ ನಾನೊಬ್ಬಳೇ ಆಸರೆಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಅವರ ಬಳಿಯಿದೆ. ವಿಚ್ಛೇದನದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.