ಪದಚರ್ಚೆ: ಟೇಲಿಂಗ್ಸ್‌ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡಿಗೆ ಬೇಕು, ತುರ್ತು

ಗೆಳೆಯರೇ,

ಚಿನ್ನದ ಅದಿರು ಸಂಸ್ಕರಿಸುವ ಪ್ಲಾಂಟ್ ಒಂದಕ್ಕೆ ಸುರಕ್ಷತೆಯ ಬೋರ್ಡುಗಳನ್ನು ಕನ್ನಡದಲ್ಲಿ ಬರೆದುಕೊಡಬೇಕು. ಶುಕ್ರವಾರ ಪೇಂಟರ್ ಬರುತ್ತಾರೆ. ಥಿಕನರ್ (ಅರೆದ ಅದಿರನ್ನು ತಳಕ್ಕೆ ಕೂರಿಸಿ ಗಟ್ಟಿ ಮಾಡುವ ತೊಟ್ಟಿ), ಲೀಚಿಂಗ್ (ಅದಿರಿನೊಳಗಿನ ಚಿನ್ನವನ್ನು ಕರಗಿಸುವುದು), ಟೇಲಿಂಗ್ಸ್ (ಚಿನ್ನ ತೆಗೆದ ಮೇಲೆ ಉಳಿಯುವ ಕೆಸರು), ಈ ಮೂರರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಟೇಲಿಂಗ್ಸ್‌ಗೆ ಸದ್ಯಕ್ಕೆ ‘ಗಸಿ’ ಅಂತ ಹಾಕಿದ್ದೇನೆ, ‘ಚರಟ’ವೂ ಮನಸ್ಸಿನಲ್ಲಿದೆ. ಬೋರ್ಡಿನಲ್ಲಿ ಜಾಗ ಕಡಿಮೆ. ಓದುವವರು ಜಾಸ್ತಿ ರಾಯಚೂರು, ಕೊಪ್ಪಳ ಕಡೆಯ ಗುತ್ತಿಗೆ ಕಾರ್ಮಿಕರು. ಇವತ್ತೇ ಯಾರಾದರೂ ಹೇಳಿದರೆ ಉಪಕಾರ.

ಮರುತ್ತರ:

> ಸದ್ಯಕ್ಕೆ ‘ಗಸಿ’ ಅಂತ ಹಾಕಿದ್ದೇನೆ

ಗಸಿಯೇ ಇರಲಿ, ಅಚ್ಚ ಕನ್ನಡ. ಲೀಚಿಂಗ್‌ಗೆ ‘ಬಸಿಯುವಿಕೆ’, ಥಿಕನರ್‌ಗೆ ‘ಗಟ್ಟಿಕ’ ಅನ್ನಿ. ಸೈನೈಡನ್ನೂ ಹಾಗೇ ಬಿಡಬೇಡಿ, ‘ನಂಜುಪ್ಪು’ ಮಾಡಿ. ಅದಿರು ನಮ್ಮದೇ ಪದ ಅಲ್ವಾ? ಕಿಟ್ಟೆಲ್ ಕೋಶದಲ್ಲಿ ‘ಅದುರು’ ಇದೆ. ಮಲಯಾಳದ ‘ಅಯಿರ್’ ಅದರ ನಂಟ. ಸಂಸ್ಕೃತದ ‘ಅಯಸ್’ ಕೂಡ ನಮ್ಮಿಂದಲೇ ಹೋಗಿರಬೇಕು ಅನ್ನುವುದು ನನ್ನ ಬಹಳ ಕಾಲದ ವಾದ. ಅಷ್ಟು ಹಳೆಯ ಗಣಿ ಜನ ನಾವು, ಒಂದೊಂದು ಟ್ಯಾಂಕಿಗೂ ಪದ ಸಾಲ ತರಬೇಕಾ?

ಮರುತ್ತರ:

> ‘ನಂಜುಪ್ಪು’ ಮಾಡಿ

ಬೇಡವೇ ಬೇಡ. ಸೈನೈಡ್ ಅಂದರೆ ಏನು ಅಂತ ಓದು ಬಾರದವರಿಗೂ ಗೊತ್ತು. ಗೊತ್ತಿರುವ ವಿಷದ ಹೆಸರನ್ನು ಬೋರ್ಡಿನಿಂದ ಅಳಿಸಿದರೆ ಸಾಯುವುದು ಪದ ಅಲ್ಲ, ಮನುಷ್ಯ.

ಗಸಿಯೂ ತಪ್ಪು. ಪ್ಲಾಂಟಿನ ಸಾಲು ನೋಡಿ. ಅದಿರನ್ನು ಜಜ್ಜಿ, ಬಾಲ್ ಮಿಲ್ಲಿನಲ್ಲಿ ನೀರಿನ ಜೊತೆ ನುಣ್ಣಗೆ ಅರೆದ ಮೇಲೆ ಅದು ಥಿಕನರ್‌ಗೆ ಹೋಗುತ್ತದೆ. ಅಲ್ಲಿ ತಳಕ್ಕೆ ಕೂರುವುದೂ ಗಸಿಯೇ, ಆದರೆ ಚಿನ್ನ ಇನ್ನೂ ಅದರೊಳಗೇ ಇದೆ! ಅಲ್ಲಿಂದ ಲೀಚಿಂಗ್ ಟ್ಯಾಂಕಿಗೆ. ಸುಣ್ಣ ಹಾಕಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 10ರ ಮೇಲೆ ಇಟ್ಟು, ಸೈನೈಡ್ ಬೆರೆಸಿ, ಗಾಳಿ ಊದುತ್ತಾರೆ. ಆಮ್ಲಜನಕ ಇಲ್ಲದಿದ್ದರೆ ಚಿನ್ನ ಕರಗುವುದಿಲ್ಲ. ಇಲ್ಲಿ ನಡೆಯುವುದು ಕರಗಿಸುವ ಕೆಲಸ, ‘ಬಸಿಯುವಿಕೆ’ ಅಲ್ಲ. ಅನ್ನ ಬಸಿದರೆ ನೀರು ಬೇರೆಯಾಗುತ್ತದೆ, ಅಷ್ಟೇ.

1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನ ತಂದಾಗ ದ್ರಾವಣವನ್ನು ಸೋಸಿ, ಸತುವಿನಿಂದ ಚಿನ್ನ ಇಳಿಸುತ್ತಿದ್ದರು. 1973ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಗಣಿ ಇದ್ದಿಲಿನ ವಿಧಾನವನ್ನು ದೊಡ್ಡ ಮಟ್ಟದಲ್ಲಿ ನಡೆಸಿತು. ಆಮೇಲೆ ಅದನ್ನು ಹಿಡಿದ ಪ್ಲಾಂಟುಗಳಿಗೆ ಸೋಸುವ ಕಾಟ ತಪ್ಪಿತು. ಕರಟದ ಇದ್ದಿಲಿನ ಹರಳುಗಳನ್ನು ನೇರ ಟ್ಯಾಂಕಿಗೇ ಬಿಡುತ್ತಾರೆ, ಕರಗಿದ ಚಿನ್ನ ಅವಕ್ಕೆ ಅಂಟುತ್ತದೆ. ಅರೆದ ಅದಿರು ಜರಡಿ ದಾಟಿ ಮುಂದಿನ ಟ್ಯಾಂಕಿಗೆ ಹರಿಯುತ್ತದೆ, ಇದ್ದಿಲು ತಡೆದು ನಿಲ್ಲುತ್ತದೆ. ಇದ್ದಿಲನ್ನು ಪಂಪ್ ಮಾಡಿ ಹಿಂದಿನ ಟ್ಯಾಂಕಿಗೆ ಕಳಿಸುತ್ತಾರೆ. ಕೊನೆಯ ಟ್ಯಾಂಕಿನಿಂದ ಹೊರಗೆ ಬೀಳುವುದು ಟೇಲಿಂಗ್ಸ್. ಚಿನ್ನ ಇರುವುದಕ್ಕೂ ಗಸಿ, ತೆಗೆದದ್ದಕ್ಕೂ ಗಸಿ ಅಂದರೆ ಹೊಸ ಹುಡುಗ ಯಾವ ವಾಲ್ವ್ ತಿರುಗಿಸಬೇಕು?

ನಿಮ್ಮ ಓದುಗರ ಬಾಯಲ್ಲೇ ‘ರಾಡಿ’ ಇದೆ, ಕೆಸರುನೀರು ಅಂತ ಅರ್ಥ. ಅರೆದ ಅದಿರಿನ ನೀರು ‘ಅದಿರು ರಾಡಿ’, ಟೇಲಿಂಗ್ಸ್ ‘ಚಿನ್ನ ತೆಗೆದ ರಾಡಿ’. ಥಿಕನರ್, ಲೀಚಿಂಗ್ ಹಾಗೇ ಇರಲಿ.

ಮರುತ್ತರ:

‘ಚರಟ’ ಹಾಕಬೇಡಿ. ನಮ್ಮ ಕಾಸರಗೋಡು ಕಡೆ ಮಲಯಾಳದ ‘ಚಿರಟ್ಟ’ ಕಿವಿಗೆ ಬಿದ್ದಿರುತ್ತದೆ, ಅದು ತೆಂಗಿನ ಕರಟ. ಅದೇ ಪ್ಲಾಂಟಿನಲ್ಲಿ ಕರಟದ ಇದ್ದಿಲು ಬೇರೆ ಇದೆ. ಒಂದು ಅಕ್ಷರ ಅಳಿಸಿಹೋದರೂ ಗೊಂದಲ.

ಮರುತ್ತರ:

ಎಲ್ಲರೂ ‘ಜಲಗಾರ’ನನ್ನು ಮರೆತಿದ್ದೀರಿ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು ಜಲಗಾರರು. ಈ ಪದಕ್ಕೆ ‘ಜಲ’ದ ನಂಟು ಕಟ್ಟುವುದು ಸುಮ್ನೆ ಪಂಡಿತರ ಹಟ. ಅಕ್ಕಿ ಜಾಲಿಸುತ್ತೇವಲ್ಲ, ಆ ‘ಜಾಲಿಸು’ವೇ ಇದರ ಬೇರು ಅಂತ ನಾನು ನಂಬಿದ್ದೇನೆ. ಲೀಚಿಂಗ್‌ಗೆ ‘ಜಾಲಿಕೆ’, ಟೇಲಿಂಗ್ಸ್‌ಗೆ ‘ಜಾಲುಳಿಕೆ’. ಮುಗಿಯಿತು.

ಮರುತ್ತರ:

> ಲೀಚಿಂಗ್‌ಗೆ ‘ಜಾಲಿಕೆ’

ಇಲ್ಲ. ಜಾಲಿಸುವುದು ತೂಕದ ಮೇಲೆ ನಡೆಯುವ ಕೆಲಸ, ಭಾರದ್ದು ತಳಕ್ಕೆ ಇಳಿಯುತ್ತದೆ. ಪ್ಲಾಂಟಿನಲ್ಲಿ ಅದೂ ಉಂಟು, ಮಿಲ್ಲಿನ ಹತ್ತಿರ ದಪ್ಪ ಕಣಗಳನ್ನು ಅಲುಗಾಡುವ ಟೇಬಲ್ ಮೇಲೆ ಹಾಗೇ ಬೇರ್ಪಡಿಸುತ್ತಾರೆ. ಜಾಲಿಕೆಯನ್ನು ಅಲ್ಲಿಗೆ ಇಡಿ, ಚೆನ್ನಾಗಿ ಕೂರುತ್ತದೆ. ಲೀಚಿಂಗ್‌ಗೆ ಇಟ್ಟರೆ ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರಾಗುತ್ತದೆ.

ಮರುತ್ತರ:

ಇಂಗ್ಲಿಷ್ ಉಳಿಸಲು ಎಷ್ಟೊಂದು ನೆಪ! ಇವತ್ತು ಟೇಲಿಂಗ್ಸ್, ನಾಳೆ ಅದಿರೂ ‘ಓರ್’ ಆಗುತ್ತದೆ.

ಮರುತ್ತರ:

ನಿಮ್ಮ ‘ನಂಜುಪ್ಪು’ ಪತ್ರದಲ್ಲೇ ‘ಗಣಿ’ ಇದೆ. ಅದು ‘ಖನಿ’ಯ ತದ್ಭವ, ಸಾಲದ್ದೇ. ಟ್ಯಾಂಕಿಗೂ ನೀವು ಕನ್ನಡ ಹುಡುಕಲಿಲ್ಲ. ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ನಲ್ಲಿ ಟೇಲಿಂಗ್ಸ್‌ನ 13 ಗುಡ್ಡಗಳಿವೆ, ಒಟ್ಟು 3 ಕೋಟಿ ಟನ್‌ಗೂ ಹೆಚ್ಚು. ಗಣಿ 2001ರಲ್ಲಿ ಮುಚ್ಚಿತು. ಅವನ್ನು ಜನ ಇವತ್ತಿಗೂ ಸೈನೈಡ್ ಗುಡ್ಡ ಅಂತಲೇ ಕರೆಯುತ್ತಾರೆ. ಒಂದು ಪದ ಸಾಲದ್ದು, ಒಂದು ನಮ್ಮದು. ಆ ಜನಕ್ಕೆ ಕನ್ನಡ ಬರುವುದಿಲ್ಲ ಅಂತೀರಾ?

ಮರುತ್ತರ:

ಪ್ರಶ್ನೆ ಕೇಳಿದವನೇ ಬರೆಯುತ್ತಿದ್ದೇನೆ. ‘ಚಿನ್ನ ತೆಗೆದ ರಾಡಿ’ ಕೂರುತ್ತದೆ, ಅಕ್ಷರ ಸ್ವಲ್ಪ ಸಣ್ಣದು ಮಾಡಿಸುತ್ತೇನೆ. ಇನ್ನೊಂದು ಬೋರ್ಡ್ ಉಳಿದಿದೆ. ಇದ್ದಿಲನ್ನು ಆಸಿಡ್‌ನಲ್ಲಿ ತೊಳೆಯುವ ಕಡೆ ‘ಸೈನೈಡ್‌ಯುಕ್ತ ದ್ರಾವಣದೊಂದಿಗೆ ಆಮ್ಲ ಸಂಪರ್ಕ ನಿಷೇಧಿಸಲಾಗಿದೆ’ ಅಂತ ಮೊದಲೇ ಬರೆದುಕೊಟ್ಟಿದ್ದಾರೆ. ಇರಲಾ?

ಮರುತ್ತರ:

ಇರಬಾರದು. ಎರಡೂ ಸೇರಿದರೆ ಕೊಲ್ಲುವ ಗ್ಯಾಸ್ ಏಳುತ್ತದೆ. ಅದರ ಕಹಿ ಬಾದಾಮಿ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಓದಲು ಹೊತ್ತು ಹಿಡಿಯುವ ಸಾಲು ಅಲ್ಲಿ ನಿಲ್ಲಬಾರದು. ದೊಡ್ಡಕ್ಷರದಲ್ಲಿ ಹೀಗೆ ಬರೆಸಿ:

ಸೈನೈಡ್‌ಗೆ ಆಸಿಡ್ ತಾಗಿಸಬೇಡಿ. ವಿಷದ ಗ್ಯಾಸ್ ಬರುತ್ತದೆ.