ಆಟಗಾರ ಯಾರು? ರಿಮೋಟ್ ಹಿಡಿದವನೋ, ಪರದೆ ಮೇಲೆ ಓಡುವವನೋ?

ಗೆಳೆಯರೇ, ಮೊದಲು ಈ ವಾಕ್ಯ ಓದಿ. "ಆಟಗಾರನಿಗೆ ಗಾಯವಾದರೆ ಆಟಗಾರನು ಬದಲಿ ಆಟಗಾರನನ್ನು ಇಳಿಸಬೇಕು." ವ್ಯಾಕರಣದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಈ ಮೂವರಲ್ಲಿ ಯಾರು ಯಾರು ಅಂತ ತಿಳಿಯಬೇಕಾದರೆ ಎರಡು ಸಲ ಓದಬೇಕು.

ಕಲಬುರಗಿಯಲ್ಲಿ ನಮ್ಮ ಓಣಿಯ ಕಾಲೇಜು ಹುಡುಗರು ಒಂದು ಕೈಬರಹದ ಪತ್ರಿಕೆ ತರುತ್ತಿದ್ದಾರೆ. ಅದಕ್ಕೆ ಬಂದ, ನಾನು ತಿದ್ದುತ್ತಿರುವ ಒಂದು ಲೇಖನದ ಸಾಲು ಇದು. ವಿಷಯ ಏನೆಂದರೆ 2014ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್ ಮೇಲೆ ಇಎ ಸ್ಪೋರ್ಟ್ಸ್ ಅನ್ನುವ ಕಂಪನಿ ಮಾಡಿದ ವಿಡಿಯೋ ಗೇಮ್. ಟೀವಿಗೆ ಹಚ್ಚಿ ಗೇಮ್ ಆಡುವ ಪಿಎಸ್3 (ಪ್ಲೇಸ್ಟೇಷನ್ 3) ಮತ್ತು ಎಕ್ಸ್‌ಬಾಕ್ಸ್ 360 ಅನ್ನುವ ಮಷೀನುಗಳಿಗೆ ಮಾತ್ರ ಬಂದದ್ದು. ಅಷ್ಟೊತ್ತಿಗೆ ಪಿಎಸ್4 ಅಂಗಡಿಗೆ ಬಂದಾಗಿತ್ತು, ಆದರೂ ಅದಕ್ಕೆ ಮಾಡಲಿಲ್ಲ. ವಿಶ್ವಕಪ್‌ಗೆಂದೇ ಆ ಕಂಪನಿ ಬೇರೆ ಡಿಸ್ಕ್ ತಂದದ್ದು ಅದೇ ಕೊನೆ. ಆಮೇಲೆ ತಮ್ಮ ಮಾಮೂಲಿ ಫುಟ್‌ಬಾಲ್ ಗೇಮ್‌ಗಳಿಗೇ, 2018ರಲ್ಲಿ ಫಿಫಾ 18ಕ್ಕೆ, 2022ರಲ್ಲಿ ಫಿಫಾ 23ಕ್ಕೆ, ಪುಕ್ಕಟೆ ಅಪ್‌ಡೇಟ್ ಕೊಟ್ಟು ಮುಗಿಸಿದರು. ಹುಡುಗರಿಗೆ ಆ ಹಳೆಯ ಡಿಸ್ಕ್ ಮೇಲೆ ಯಾಕಿಷ್ಟು ಪ್ರೀತಿ ಅಂದರೆ ಅದರಲ್ಲಿ ಅರ್ಹತಾ ಸುತ್ತು ಆಡಿದ 203 ದೇಶಗಳೂ ಇವೆ, ಹಾಗಾಗಿ ಭಾರತವೂ ಇದೆ. ನಿಜವಾದ ಅರ್ಹತಾ ಸುತ್ತಿನಲ್ಲಿ 2011ರಲ್ಲೇ ಯುಎಇ ಕೈಲಿ ಸೋತು ನಾವು ಹೊರಬಿದ್ದಿದ್ದೆವು, ಆ ಮಾತು ಬೇರೆ.

ಈಗ ಪದದ ವಿಷಯಕ್ಕೆ ಬರುತ್ತೇನೆ. ಆಟ ಮತ್ತು ಗೇಮ್ ಬಗ್ಗೆ ನನಗೆ ತಕರಾರು ಇಲ್ಲ, ಜನರೇ ಅದನ್ನು ಹಂಚಿಕೊಂಡು ಬಿಟ್ಟಿದ್ದಾರೆ. "ಗೇಮ್ ಸಾಕು, ಹೊರಗ ಹೋಗಿ ಆಟ ಆಡು" ಅಂತ ಇಲ್ಲಿ ಯಾವ ಮನೆಯಲ್ಲಿ ಬೇಕಾದರೂ ಕೇಳಬಹುದು. ಬಯಲಲ್ಲಿ ಆಡಿದರೆ ಆಟ, ಟೀವಿ ಅಥವಾ ಮೊಬೈಲಲ್ಲಿ ಆಡಿದರೆ ಗೇಮ್. ಇಂಗ್ಲಿಷಿನವರಿಗೂ ಇಲ್ಲದ ಅನುಕೂಲ ಇದು. ಹಾಗಾಗಿ ಗೇಮ್ ಪದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟೋಣ ಅಂತ ದಯವಿಟ್ಟು ಯಾರೂ ಶುರು ಮಾಡಬೇಡಿ.

ತೊಂದರೆ ಇರುವುದು ಆಟಗಾರನಲ್ಲಿ. ಅವನು ಇಬ್ಭಾಗ ಆಗಲಿಲ್ಲ. ರಿಮೋಟ್ ಹಿಡಿದು ಕುಂತ ಹುಡುಗನೂ ಆಟಗಾರ, ಪರದೆ ಮೇಲೆ ಓಡುವ ನೇಮರ್ ಕೂಡ ಆಟಗಾರ. ಕುಂತವನನ್ನು ಗೇಮರ್ ಅನ್ನಬಹುದು, ಹುಡುಗರು ಅನ್ನುತ್ತಾರೆ ಕೂಡ, ಆದರೆ ಅದು ಹವ್ಯಾಸದ ಹೆಸರು. "ಗೇಮರ್ ಬದಲಿ ಆಟಗಾರನನ್ನು ಇಳಿಸಬೇಕು" ಅಂತ ಬರೆದರೆ ಏನೋ ಒಪ್ಪುವುದಿಲ್ಲ. ಅಂದಹಾಗೆ ಇದೇ ಪತ್ರಿಕೆಯ ಒಬ್ಬ ಹುಡುಗಿ ತನ್ನ ಪಾಲಿಗೆ ಇದನ್ನು ಸುಲಭವಾಗಿ ಬಗೆಹರಿಸಿಕೊಂಡಿದ್ದಾಳೆ. "ಆಟಗಾರ್ತಿಯು ಆಟಗಾರನನ್ನು ಬದಲಿಸಬೇಕು" ಅಂತ ಬರೆದಿದ್ದಾಳೆ. 2014ರ ಗೇಮ್‌ನಲ್ಲಿ ಬರೀ ಪುರುಷರ ತಂಡಗಳು ಇದ್ದದ್ದರಿಂದ ಇದು ನಡೆಯಿತು. ಮಹಿಳೆಯರ ರಾಷ್ಟ್ರೀಯ ತಂಡಗಳು ಸೇರಿದ ಫಿಫಾ 16 ಬಗ್ಗೆ ಬರೆಯಲು ಕುಂತರೆ ಅವಳಿಗೂ ನನ್ನದೇ ಪಾಡು.

ಬರಹ ಬಿಟ್ಟು ಮಾತಿಗೆ ಬಂದರೆ ಈ ಗೊಂದಲವೇ ಇಲ್ಲ. ಸ್ಟೇಷನ್ ರಸ್ತೆ ಕಡೆ ಒಂದು ಗೇಮ್ ಪಾರ್ಲರ್‌ನಲ್ಲಿ ಸುಮ್ನೆ ನಿಂತು ಕೇಳಿದೆ. "ಏ, ನೀ ಯಾರಿಗ ಆಡ್ಸಲಕತ್ತೀ?" "ನಾ ಅರ್ಜೆಂಟೀನಾ." "ಮುಂದಿನ ಪಾಳಿ ನಂದ್ ಅದ, ಮೆಸ್ಸೀಗ ನಾ ಆಡ್ಸ್ತೀನಿ." ನೋಡಿ, ಕುಂತವನು ಆಡಿಸುತ್ತಾನೆ, ಮೆಸ್ಸಿ ಆಡುತ್ತಾನೆ. ನಾವು ಪುಸ್ತಕದಲ್ಲಿ ಪದ ಹುಡುಕುತ್ತಾ ಕುಂತಿದ್ದೆವು, ಇವರು ಕ್ರಿಯಾಪದಕ್ಕೆ ಒಂದು 'ಇಸು' ಹಚ್ಚಿ ಕೆಲಸ ಮುಗಿಸಿದ್ದಾರೆ. ತೊಗಲುಗೊಂಬೆಯಾಟದಲ್ಲಿ ನಮಗೆ ಇದು ಮೊದಲಿನಿಂದ ಗೊತ್ತಿದ್ದದ್ದೇ. ಗೊಂಬೆ ಆಡಿಸುವವರು ಅಂತೀವಿ, ಗೊಂಬೆಯನ್ನೂ ಆಡಿಸುವವರನ್ನೂ ಒಂದೇ ಹೆಸರಲ್ಲಿ ಯಾರೂ ಕರೆಯಲ್ಲ.

ಹಾಗಾದರೆ ಲೇಖನದ ತುಂಬ 'ಇಸು' ಹಚ್ಚಿಬಿಡೋಣ ಅಂತ ಹೊರಟೆ. ಎಲ್ಲ ಕಡೆ ಅದು ನಡೆಯುತ್ತಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಗೆಲ್ಲಿಸು ಸರಿಹೋಗುತ್ತದೆ. "ನಾನು ಭಾರತವನ್ನು ಗೆಲ್ಲಿಸಿದೆ" ಅಂದರೆ ನಾನು ಭಾರತದ ಕಡೆ ಇದ್ದೆ ಅಂತ ಸ್ಪಷ್ಟ. ಆದರೆ ಸೋಲಿಸು? "ನಾನು ಭಾರತವನ್ನು ಸೋಲಿಸಿದೆ" ಅಂದರೆ ನಾನು ಎದುರು ತಂಡದವನಾಗಿ ಬಿಡುತ್ತೇನೆ. ಭಾರತ ತಂಡ ತಗೊಂಡು, ಕೆಟ್ಟದಾಗಿ ಆಡಿಸಿ, ಸೋತವನು ಏನು ಬರೆಯಬೇಕು? ಎರಡೂ ಒಂದೇ ಅಚ್ಚಿನ ಪದಗಳು, ಆದರೂ ಒಂದು ಈ ಕಡೆ ನಿಂತರೆ ಇನ್ನೊಂದು ಆ ಕಡೆ ನಿಲ್ಲುತ್ತದೆ. ಹುಡುಗರು "ನಾ ಸೋತೆ" ಅಂತಾರೆ, ಭಾರತದ ಹೆಸರೇ ಎತ್ತಲ್ಲ. ಗೆದ್ದಾಗ ಮಾತ್ರ "ಭಾರತ ವಿಶ್ವಕಪ್ ಗೆದ್ದಿತು". ಲೇಖನದಲ್ಲೂ ಹಾಗೇ ಇದೆ, ಹಿಂದೆ ಮುಂದೆ ಏನೂ ಇಲ್ಲದೆ "ಭಾರತ ಫೈನಲ್‌ನಲ್ಲಿ ಬ್ರೆಜಿಲ್ ತಂಡವನ್ನು ಮಣಿಸಿತು" ಅಂತ. 1950ರಲ್ಲಿ ಬೇರೆ ತಂಡಗಳು ಹಿಂದೆ ಸರಿದದ್ದರಿಂದ ಒಂದೂ ಪಂದ್ಯ ಆಡದೆ ನಮಗೆ ಬ್ರೆಜಿಲ್ ವಿಶ್ವಕಪ್‌ನಲ್ಲಿ ಜಾಗ ಸಿಕ್ಕಿತ್ತು, ಆಮೇಲೆ ನಾವೂ ಹೋಗಲಿಲ್ಲ. ಅದು ಬಿಟ್ಟರೆ ಪುರುಷರ ವಿಶ್ವಕಪ್‌ನ ಬಾಗಿಲಿಗೂ ಹೋಗದ ದೇಶ ನಮ್ಮದು. ಆ ಸಾಲು ಓದಿದ ಯಾವುದಾದರೂ ಅಜ್ಜ ಪಟಾಕಿ ತರಲು ಎದ್ದಾನು.

ಓಡಿಸು ಇನ್ನೂ ಕೆಟ್ಟದ್ದು. "ಓಟದ ಬಟನ್ ಒತ್ತಿ ನೇಮರ್‌ನನ್ನು ಓಡಿಸಿದೆ" ಅಂತ ಬರೆದರೆ ಹೊಲಕ್ಕೆ ಬಂದ ದನ ಓಡಿಸಿದ ಹಾಗೆ ಕೇಳುತ್ತದೆ.

ಆಡಿಸು ಕೂಡ ಪೂರ್ತಿ ಖಾಲಿ ಇರುವ ಪದ ಅಲ್ಲ. ಪೇಪರಿನ ಕ್ರೀಡಾ ಪುಟದಲ್ಲಿ "ಕೋಚ್ ಆತನನ್ನು ಆಡಿಸಲಿಲ್ಲ" ಅಂದರೆ ಹನ್ನೊಂದರಲ್ಲಿ ತಗೊಳ್ಳಲಿಲ್ಲ ಅಂತ. ಮನೆಯಲ್ಲಿ "ಅವನು ನಿನಗ ಆಟ ಆಡಿಸ್ತಾನ" ಅಂದರೆ ಸತಾಯಿಸುತ್ತಾನೆ ಅಂತ. ಗೇಮ್‌ನಲ್ಲಿ ಹನ್ನೊಂದು ಮಂದಿಯನ್ನು ಆರಿಸುವವನೂ ನಾನೇ, ಬಟನ್ ಒತ್ತುವವನೂ ನಾನೇ. "ಮೆಸ್ಸಿಯನ್ನು ಆಡಿಸಲಿಲ್ಲ" ಅಂದರೆ ಬೆಂಚಿನ ಮೇಲೆ ಕೂರಿಸಿದೆ ಅಂತಲೋ, ಇಳಿಸಿಯೂ ನಾನು ಅವನಿಗೆ ಬಟನ್ ಒತ್ತಲಿಲ್ಲ ಅಂತಲೋ?

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಈ ಟೂರ್ನಿ ಗೇಮ್‌ಗಳಲ್ಲಿ 'ಕ್ಯಾಪ್ಟನ್ ಯುವರ್ ಕಂಟ್ರಿ' ಅಂತ ಒಂದು ಬಗೆ ಇದೆ. ಯೂರೋ 2008 ಗೇಮ್‌ನಲ್ಲಿ ಬಂತು, 2010 ಮತ್ತು 2014ರ ವಿಶ್ವಕಪ್ ಗೇಮ್‌ಗಳಲ್ಲೂ ಇತ್ತು. ಅಲ್ಲಿ ಇಡೀ ತಂಡ ನಿಮ್ಮ ಕೈಲಿ ಇರಲ್ಲ. ಒಬ್ಬನೇ ಒಬ್ಬ ಇರುತ್ತಾನೆ, ಚೆನ್ನಾಗಿ ಆಡಿ ತಂಡದಲ್ಲಿ ಜಾಗ ಗಿಟ್ಟಿಸಿ, ಕೊನೆಗೆ ನಾಯಕನಾಗುವವರೆಗೆ ಏರಬೇಕು. ಇದನ್ನು ಆಡುವಾಗ ಹುಡುಗರ ಮಾತು ತಾನಾಗಿ ಬದಲಾಗುತ್ತದೆ. 'ಆಡ್ಸ್ತೀನಿ' ಹೋಗಿ 'ಆಡ್ತೀನಿ' ಬರುತ್ತದೆ. ಅಷ್ಟೇ ಅಲ್ಲ, "ನನಗ ಆಡ್ಸಲಿಲ್ಲ ನೋಡು" ಅಂತ ಕಂಪ್ಯೂಟರ್ ಮೇಲೆ ಸಿಟ್ಟು ಬೇರೆ. ಈಗ ಆಡಿಸುವುದು ಮಷೀನು, ರಿಮೋಟ್ ಹಿಡಿದವನು ಬೆಂಚಿನ ಮೇಲೆ! ಯಾರೂ ಹೇಳಿಕೊಡದೆ ಇಷ್ಟು ನಿಖರವಾಗಿ ಪ್ರತ್ಯಯ ಹಾಕುತ್ತಾರೆ, ಇದೇ ಹುಡುಗರು ಲೇಖನ ಬರೆಯಲು ಕುಂತರೆ ಮೂರು 'ಆಟಗಾರ' ಸಾಲಾಗಿ ನಿಲ್ಲಿಸುತ್ತಾರೆ.

ಸಣ್ಣದೊಂದು ಉಪಪ್ರಶ್ನೆ ಇದೆ. "88ನೇ ನಿಮಿಷದಲ್ಲಿ ಗೋಲು ಹೊಡೆದೆ" ಅಂತ ಬರೆದಿದ್ದಾರೆ. 45 ನಿಮಿಷದ ಒಂದು ಅರ್ಧವನ್ನು ಆರು ನಿಮಿಷಕ್ಕೆ ಇಟ್ಟುಕೊಂಡು ಆಡಿದರೆ ಗೇಮ್‌ನ ಒಂದು ನಿಮಿಷ ನಮ್ಮ ಎಂಟು ಸೆಕೆಂಡ್. ಇದನ್ನು ಬಿಡಿಸಿ ಹೇಳಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ 'ಹೆಚ್ಚುವರಿ ಸಮಯ' ಅನ್ನುವುದನ್ನು, ಆಟ ನಿಂತು ಪೋಲಾದ ಹೊತ್ತಿಗೆ ಕೊನೆಯಲ್ಲಿ ಸೇರಿಸುವ ನಿಮಿಷಗಳಿಗೂ, ಪಂದ್ಯ ಸಮವಾದಾಗ ಮತ್ತೆ ಆಡುವ ಮೂವತ್ತು ನಿಮಿಷಕ್ಕೂ ಬಳಸಿದ್ದಾರೆ, ಪೇಪರಿನವರೂ ಒಮ್ಮೊಮ್ಮೆ ಹಾಗೇ ಮಾಡುತ್ತಾರೆ. 2014ರಲ್ಲಿ ಅಮೆರಿಕ ವಿರುದ್ಧ ಪೋರ್ಚುಗಲ್‌ನ ವರೆಲಾ 90+5ರಲ್ಲಿ ಸಮ ಮಾಡಿದ ಗೋಲು ಒಂದು ಬಗೆ. ಫೈನಲ್‌ನಲ್ಲಿ ಜರ್ಮನಿಯ ಗೊಟ್ಜೆ 113ನೇ ನಿಮಿಷದಲ್ಲಿ ಹೊಡೆದದ್ದು ಇನ್ನೊಂದು ಬಗೆ. ನಾನು ಮೊದಲನೆಯದಕ್ಕೆ 'ಇಂಜುರಿ ಟೈಮ್' ಅಂತಲೇ ಉಳಿಸಿ, 'ಹೆಚ್ಚುವರಿ ಸಮಯ' ಅನ್ನುವುದನ್ನು ಆ ಮೂವತ್ತು ನಿಮಿಷಕ್ಕೆ ಮೀಸಲಿಟ್ಟಿದ್ದೇನೆ. ಹಾಂ, ತನ್ನದೇ ಗೋಲಿಗೆ ಚೆಂಡು ಹೊಡೆದದ್ದಕ್ಕೆ 'ಉಡುಗೊರೆ ಗೋಲು' ಅಂತ ಬರೆದಿದ್ದಾರೆ, ಪೇಪರಿನಿಂದ ಕಲಿತದ್ದೇ ಇರಬೇಕು. ಅದನ್ನು ಮಾತ್ರ ಮುಟ್ಟಲಿಲ್ಲ, ಅಷ್ಟು ಚೆನ್ನಾಗಿದೆ.

ಸದ್ಯಕ್ಕೆ ಮೊದಲ ವಾಕ್ಯವನ್ನು "ಆಟಗಾರನಿಗೆ ಗಾಯವಾದರೆ ನೀವು ಬದಲಿ ಆಟಗಾರನನ್ನು ಇಳಿಸಬೇಕು" ಅಂತ ತಿದ್ದಿದ್ದೇನೆ. ಕುಂತವನಿಗೆ 'ನೀವು', ಓಡುವವನಿಗೆ 'ಆಟಗಾರ'. ಓದುಗರಿಗೆ ಆಡುವ ರೀತಿ ಹೇಳಿಕೊಡುವ ಕಡೆ ಇದು ನಡೆಯುತ್ತದೆ. ಇಬ್ಬರು ಆಡಿದ ಪಂದ್ಯದ ವರದಿ ಬರೆಯುವಾಗ ನಡೆಯಲ್ಲ. ಅಲ್ಲಿ 'ಆಡಿಸುವವ' ಅಂತ ಹಾಕಿದರೆ ಮೈಸೂರು, ಮಂಗಳೂರು ಕಡೆಯವರಿಗೆ ಹೇಗೆ ಕೇಳುತ್ತದೆ? ಗೊಂಬೆಯಾಟ ನೆನಪಾಗುತ್ತದೋ, ಕೋಚ್ ನೆನಪಾಗುತ್ತಾನೋ? ಬೀದರ್, ಯಾದಗಿರಿ ಕಡೆ ಹುಡುಗರು ಗೇಮ್ ಆಡುವಾಗ 'ಆಡ್ಸ್ತೀನಿ' ಅಂತಾರೋ ಬೇರೆ ಏನಾದರೂ ಅಂತಾರೋ, ಕೇಳಿದವರು ಇದ್ದರೆ ಅವರ ಮಾತಿನಲ್ಲೇ ಬರೆದು ಕಳಿಸಿ. ಮತ್ತೆ ಆ 'ಸೋಲಿಸು' ಸಮಸ್ಯೆಗೆ, ಅಂದರೆ ತನ್ನ ತಂಡವನ್ನು ತಾನೇ ಸೋಲುವ ಹಾಗೆ ಆಡಿಸಿದ್ದಕ್ಕೆ, ಒಂದೇ ಪದದ ಕ್ರಿಯಾಪದ ಯಾವ ಕಡೆಯ ಕನ್ನಡದಲ್ಲಾದರೂ ಇದೆಯಾ?